ಹದಿನಾರರ ‘ಅಕ್ಕಾರು’

“ಹದಿನೆಂಟ ತುಂಬಲಾರದ ಹುಡುಗ್ಯಾರಿಗಿ ಖೋಲಿ ಕೊಡಂಗಿಲ್ಲ. ಜೋಡಿ ಹಿರ್ಯಾರು ಯಾರದಾರ?” ಎಂದು ಲಾಡ್ಜಿನ ಮ್ಯಾನೇಜರು ನನ್ನ ಎರಡು ಜಡೆಗಳನ್ನೇ ನೋಡುತ್ತ ಕೇಳಿದರು.

ಎಪ್ಪತ್ತರ ದಶಕದ ಮಾತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ, ದೀಪ ಹಚ್ಚುವ ಹೊತ್ತು. ನಾವು ಉಳಿಯಬೇಕಿದ್ದ ಸಂಬಂಧಿಕರ ಮನೆಗೆ ಬೀಗ ಬಿದ್ದಿತ್ತು. ನಮ್ಮೂರಿಗೆ ಮರಳಲು ಇದ್ದ ಬಬಲೇಶ್ವರದ ಕೊನೆಯ ಬಸ್ಸೂ ಹೋಗಿಬಿಟ್ಟಿತ್ತು. ಬೆಳಿಗ್ಗೆ ಶಿಕ್ಷಕಿಯರ ತರಬೇತಿಗೆ ನನ್ನ ಸಂದರ್ಶನ. ನನಗೆ ಹತ್ತೊಂಬತ್ತು ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಹೊರಗೆ ಕಟ್ಟೆಯ ಮೇಲಿದ್ದ ಗಂಡಸರು ಮಾತು ನಿಲ್ಲಿಸಿ ನಮ್ಮತ್ತಲೇ ನೋಡತೊಡಗಿದರು.

ನನ್ನ ಜೊತೆಗೆ ಬಂದಿದ್ದ ತಂಗಿಗೆ ಹದಿನಾರು. ಆ ಬೇಸಿಗೆಯಲ್ಲೇ ಅವಳ ಮದುವೆಯಾಗಿತ್ತು. ಅವಳು ಸೆರಗಿನೊಳಗಿನ ತಾಳಿಯನ್ನು ಹೊರಗೆಳೆದುಕೊಂಡು ಮುಂದೆ ಬಂದಳು.

“ನಾ ಅದೀನಲ್ರಿ. ಇಕಿ ನನ್ನ ತಂಗಿ.”

ಮ್ಯಾನೇಜರು ತಾಳಿ ನೋಡಿದರು, ಅವಳ ಮುಖ ನೋಡಲಿಲ್ಲ. “ಹಂಗಂದ್ರ ಬರ್ರಿ ಅಕ್ಕಾರ” ಎಂದು ಕೀಲಿಯನ್ನು ಅವಳ ಕೈಗೇ ಕೊಟ್ಟರು.

ಖೋಲಿಯ ಚಿಲಕ ಹಾಕಿದ್ದೇ ತಡ, ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. “ಅಕ್ಕಾ, ಲೈಟ ಆರಸಬ್ಯಾಡ” ಎಂದು ನನ್ನ ಮಗ್ಗುಲಲ್ಲಿ ಮುದುಡಿಕೊಂಡಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಇಬ್ಬರೂ ಉಸಿರು ಬಿಗಿಹಿಡಿದೆವು. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಅವಳು ನನ್ನ ಕೈ ಬಿಟ್ಟು, ತಾಳಿಯನ್ನು ಮತ್ತೆ ಸೆರಗಿನ ಮೇಲೆ ಎಳೆದುಕೊಂಡು, ನನಗಿಂತ ಮುಂದೆ ಮೆಟ್ಟಿಲಿಳಿದಳು.

ನಾನು ಶಿಕ್ಷಕಿಯಾದೆ. ಆ ಮೆಟ್ಟಿಲ ಮೇಲಿನ ಅವಳ ಬೆನ್ನು ಈಗಲೂ ಕಣ್ಣ ಮುಂದೆ ಬರುತ್ತದೆ. ಆಗ ಅವಳಿಗೆ ಹದಿನೆಂಟು ತುಂಬಲು ಇನ್ನೂ ಎರಡು ವರ್ಷವಿತ್ತು.