ಮುನ್ನೂರ ನಲವತ್ತೆರಡರ ಉಪವಾಸ

ಬೆಳಿಗ್ಗೆ ಏಳು ಗಂಟೆಗೆ ಸಿಸ್ಟರ್ ಬಂದು ನಮ್ಮ ಶೇವಂತಿ ಅತ್ತೆಯ ಬೆರಳಿಗೆ ಚುಚ್ಚಿದರು. ಒಂದು ಹನಿ ರಕ್ತ ಪಟ್ಟಿಗೆ ತಾಗಿಸಿ ಮಶಿನ್ ನೋಡಿದರು. ಶುಗರ್ ಮುನ್ನೂರ ನಲವತ್ತೆರಡು.

ಮಶಿನ್ ಕೆಟ್ಟಿರಬೇಕು ಅಂತ ಇನ್ನೊಂದು ತಂದರು. ಬೇರೆ ಬೆರಳು, ಮತ್ತೆ ಚುಚ್ಚು. ಮುನ್ನೂರ ನಲವತ್ತು.

"ಅಜ್ಜೀ, ಎಂತಾದ್ರೂ ತಿಂದ್ರಾ?"

"ಇಲ್ಲ ತಂಗೀ. ಇವತ್ತು ನಂದು ಉಪವಾಸ ಅಲ್ದಾ? ಬರೀ ಫಳಾರ ಮಾಡ್ದೆ" ಅಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ.

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಮಂಚದ ಕೆಳಗಿದ್ದ ಸ್ಟೀಲ್ ಡಬ್ಬಿ ನೋಡಿದೆ. ಡಬ್ಬಿ ಖಾಲಿ. ಇನ್ನೊಂದು ಗಂಟೆಗೆ ಅತ್ತೆಯ ಕಾಲಿನ ಆಪರೇಶನ್ ಇತ್ತು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಶೇವಂತಿ ಅತ್ತೆ ನನ್ನ ಅಪ್ಪನ ತಂಗಿ. ಹಾರವಾಡದವರು. ನಲವತ್ತು ವರ್ಷ ಮೀನು ಬುಟ್ಟಿ ಹೊತ್ತು ಅಮದಳ್ಳಿಯ ಮನೆಮನೆ ತಿರುಗಿದವರು, ಈಗಲೂ ತಿರುಗುವವರು. ಹನ್ನೆರಡು ವರ್ಷದಿಂದ ಶುಗರ್ ಇದೆ. (ಅತ್ತೆಯ ಪ್ರಕಾರ ಅದು ಚಹಾಕ್ಕೆ ಮಾತ್ರ ಸಂಬಂಧಪಟ್ಟ ಕಾಯಿಲೆ. ಚಹಾಕ್ಕೆ ಸಕ್ಕರೆ ಬಿಟ್ಟರೆ ಮುಗಿಯಿತು.)

ಕಳೆದ ತಿಂಗಳು ಬಳಚು ಅನ್ನುವ ಚಿಪ್ಪುಮೀನಿನ ಚಿಪ್ಪು ಬಲಗಾಲಿನ ಹೆಬ್ಬೆರಳಿಗೆ ಹೊಕ್ಕಿತು. ಅತ್ತೆಗೆ ನೋವೇ ಗೊತ್ತಾಗಲಿಲ್ಲ. ಶುಗರ್ ಇರುವ ಕಾಲಿಗೆ ಹಾಗೆಯಂತೆ, ಗಾಯ ಆದ ಸುದ್ದಿ ಮೇಲಕ್ಕೆ ತಲುಪುವುದೇ ಇಲ್ಲ. ಅರಿಶಿನ ಹಚ್ಚಿದರು, ತೆಂಗಿನೆಣ್ಣೆ ಹಚ್ಚಿದರು. ಬೆರಳು ಕಪ್ಪಗಾಗತೊಡಗಿದ ಮೇಲೆ ನನಗೆ ಫೋನ್ ಮಾಡಿದರು.

ಕಾರವಾರದ ಆಸ್ಪತ್ರೆಯ ಡಾಕ್ಟರ್ ಕಲಬುರಗಿ ಕಡೆಯ ಹುಡುಗ. ನೋಡಿದವರೇ ಅಡ್ಮಿಟ್ ಮಾಡಿದರು. ಕೀವು ತೆಗೆದು ಒಳಗಿನಿಂದ ಕ್ಲೀನ್ ಮಾಡಬೇಕು, ತಡವಾದರೆ ಬೆರಳು ಹೋಗುತ್ತದೆ, ಇನ್ನೂ ತಡವಾದರೆ ಪಾದ. ಆದರೆ ಶುಗರ್ ಇಳಿಯದೆ ಕತ್ತರಿ ಹಿಡಿಯುವ ಹಾಗಿಲ್ಲ. ಮಾತ್ರೆ ನಿಲ್ಲಿಸಿ ಇನ್ಸುಲಿನ್ ಶುರುಮಾಡಿದರು. ಎರಡು ದಿನದಲ್ಲಿ ನೂರ ಎಪ್ಪತ್ತಕ್ಕೆ ಬಂತು.

"ನಾಳೆ ಮುಂಜಾನೆ ಆಪರೇಶನ್ ಮಾಡೋಣ್ರಿ. ರಾತ್ರಿಯಿಂದ ಫಾಸ್ಟಿಂಗ್ ಇರಬೇಕು. ಅಜ್ಜಿಗೆ ನಿಮ್ಮ ಕಡೆ ಭಾಷಾದಾಗ ತಿಳಿಸಿ ಹೇಳ್ರಿ" ಅಂದರು ಡಾಕ್ಟರ್.

ಅಯ್ಯೋ, ಅದು ನನಗೆ ಹೇಳಬೇಕೇ? ವಾರ ವಾರ ಈ ಪೇಪರಿನ ಅಂಕಣದಲ್ಲಿ ನಿಮಗೆಲ್ಲ ತಿಳಿಸಿ ಹೇಳುವುದೇ ನನ್ನ ಕಸುಬಲ್ಲವೇ? ನೇರ ವಾರ್ಡಿಗೆ ಹೋಗಿ ಒಂದೇ ಮಾತಿನಲ್ಲಿ ಮುಗಿಸಿದೆ.

"ಅತ್ತೇ, ನಾಳೆ ಉಪವಾಸ."

"ಎಂಥ ಉಪವಾಸ ತಮಾ? ಸೋಮವಾರದ್ದಾ, ಸಂಕಷ್ಟೀದಾ?"

ಅತ್ತೆ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನಾನೂ ತಮಾಷೆ ಮಾಡಿದೆ. "ಸಂಕಷ್ಟಿಗಿಂತ ದೊಡ್ಡದು!"

ಅತ್ತೆ ಗಂಭೀರವಾಗಿ ತಲೆಯಾಡಿಸಿದರು.

ನಮ್ಮ ಕಡೆ ಉಪವಾಸ ಅಂದರೇನು? ನಿಮಗೇನೂ ನಾನು ವಿವರಿಸಬೇಕಾಗಿಲ್ಲ. ಅನ್ನ ಮುಟ್ಟಬಾರದು, ಮೀನಿನ ಹೆಸರೆತ್ತಬಾರದು. ಉಳಿದದ್ದೆಲ್ಲ ಫಳಾರ. ಸಾಬುದಾಣಿ ಖಿಚಡಿ, ಬಟಾಟೆ, ಬೆಲ್ಲ ಕಾಯಿ ಹಾಕಿದ ಅವಲಕ್ಕಿ, ಬಾಳೆಹಣ್ಣು, ಹಾಲು. ಉಳಿದ ದಿನ ಒಂದು ಹೊತ್ತು ಬಿಟ್ಟರೂ ಬಿಟ್ಟೆವು, ಉಪವಾಸದ ದಿನ ಮಾತ್ರ ಹೊಟ್ಟೆಗೆ ಮೋಸವಿಲ್ಲ. ದೊಡ್ಡ ಉಪವಾಸಕ್ಕೆ ದೊಡ್ಡ ಡಬ್ಬಿ.

ಅತ್ತೆ ನನ್ನ ಹೆಂಡತಿಗೆ ಫೋನ್ ಮಾಡಿದರು. ಹೆಂಡತಿ ಶ್ರದ್ಧೆಯಿಂದ ಫಳಾರ ಕಟ್ಟಿದಳು. ಸಂಜೆ ಆ ಡಬ್ಬಿಯನ್ನು ಸ್ಕೂಟರಿನಲ್ಲಿ ಆಸ್ಪತ್ರೆಗೆ ತಲುಪಿಸಿದ ಮಹಾನುಭಾವ ಯಾರು? ನಾನೇ. ರಾತ್ರಿಯ ಊಟ ಅಂದುಕೊಂಡು ಮುಚ್ಚಳ ತೆಗೆದು ನೋಡಲೂ ಇಲ್ಲ.

ಅತ್ತೆ ಬೆಳಿಗ್ಗೆ ಬೇಗ ಎದ್ದು, ಮುಖ ತೊಳೆದು, ಗಣಪತಿಗೆ ಕೈಮುಗಿದು, ಆರು ಗಂಟೆಗೆ ಉಪವಾಸ ಮುಗಿಸಿಬಿಟ್ಟಿದ್ದರು.

ಡಾಕ್ಟರ್ ಬಂದರು. ಖಾಲಿ ಡಬ್ಬಿ ಎತ್ತಿ ಮೂಸಿದರು. "ಶೇಂಗಾ ಪುಡೀನೂ ಹಾಕ್ಯಾರ್ರೀ?" ಅಂದರು. 

ಹೊಟ್ಟೆ ತುಂಬಿರುವಾಗ ಅರಿವಳಿಕೆ ಕೊಟ್ಟರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇಷ್ಟು ಶುಗರ್ ಇಟ್ಟುಕೊಂಡು ಆಪರೇಶನ್ ಮಾಡಿದರೆ ಗಾಯ ಮಾಯುವುದಿಲ್ಲ, ಕೀವು ಹೆಚ್ಚುತ್ತದೆ. ಬೆರಳು ನಾಳೆಯ ತನಕ ಕಾಯುತ್ತದೆಯೇ ಅಂತ ಕೇಳಿದೆ. "ಗ್ಯಾರಂಟಿ ಕೊಡಂಗಿಲ್ರಿ. ಸಂಜೀತನಕ ಡ್ರಿಪ್‌ನಾಗ ಇನ್ಸುಲಿನ್ ಕೊಟ್ಟು ನೋಡೋಣ. ಇಳಿದರೆ ಇವತ್ತೇ" ಅಂದರು.

ಆಗ ಎದ್ದಿತು ಎರಡನೆಯ ಗಲಾಟೆ.

"ಇನ್ಸುಲಿನ್ನಾ? ನಂಗೆ ಬೇಡ! ಅದು ಒಂದ್ಸಲ ಹತ್ತಿದ್ರೆ ಸಾಯೂ ತನಕ ಬಿಡೂದಿಲ್ಲ!"

ಎರಡು ದಿನದಿಂದ ಚುಚ್ಚುತ್ತಿರುವುದು ಅದನ್ನೇ ಅಂತ ಸಿಸ್ಟರ್ ಹೇಳಿಬಿಟ್ಟರು. ಅತ್ತೆ ನನ್ನ ಕಡೆ ತಿರುಗಿದರು. (ಅವರಿಗೆ ಅದನ್ನು 'ಶಕ್ತಿಯ ಇಂಜೆಕ್ಷನ್' ಅಂತ ಅನುವಾದಿಸಿದವನೂ ನಾನೇ. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.) ಕೊನೆಗೆ ಸಿಸ್ಟರೇ ಪಕ್ಕದಲ್ಲಿ ಕೂತು ಹೇಳಿದರು: "ಅಜ್ಜೀ, ಗಾಯ ಮಾಗೂ ತನಕ ಬೇಕು. ಆಮೇಲೆ ಮಾತ್ರೆ ಸಾಕಾ ಅಂದೇಳಿ ಡಾಕ್ಟ್ರು ನೋಡ್ತಾರೆ. ಈಗ ಬಿಟ್ರೆ ಮಾತ್ರ ಬೆರಳು ಬಿಟ್ಟು ಹೋಗ್ತದೆ." ಅತ್ತೆ ಕೈ ಚಾಚಿದರು.

ಗಂಟೆಗೊಮ್ಮೆ ಚುಚ್ಚಿ ನೋಡುವುದು. ಇನ್ನೂರ ತೊಂಬತ್ತು. ಇನ್ನೂರ ಐವತ್ತೆರಡು. ಇಡೀ ವಾರ್ಡ್ ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಕೇಳುತ್ತಿತ್ತು. ಪಕ್ಕದ ಹಾಸಿಗೆಯ ಬೆಳಂಬಾರದ ಅಕ್ಕ ಊಟ ಬಿಟ್ಟು "ಈಗೆಷ್ಟು?" ಅನ್ನುತ್ತಿದ್ದರು. ಇನ್ನೂರರ ಹತ್ತಿರ ಬಂದಾಗ ಸಿಸ್ಟರ್ ಇನ್ನೊಂದು ಬಾಟಲಿ ತಂದು ತೂಗುಹಾಕಿದರು. ಅದರ ಮೇಲಿನ ಹೆಸರು ಓದಿದೆ. ಗ್ಲೂಕೋಸ್!

"ಸಿಸ್ಟರ್, ತಪ್ಪು ಬಾಟ್ಲಿ! ಇವರಿಗೆ ಶುಗರ್ ಇದೆ!"

ನಾನು ಓದಿದವನಲ್ಲವೇ, ಕೂಗಲೇಬೇಕು. ಸಿಸ್ಟರ್ ಸಮಾಧಾನದಿಂದ ಹೇಳಿದರು: ಹೊಟ್ಟೆ ಖಾಲಿಯಾಗುತ್ತಿದೆ, ಇನ್ಸುಲಿನ್ ಒಂದನ್ನೇ ಕೊಟ್ಟರೆ ಶುಗರ್ ಪೂರ್ತಿ ಕುಸಿಯುತ್ತದೆ. ಅರಿವಳಿಕೆಯಲ್ಲಿ ಎಚ್ಚರ ಇಲ್ಲದವರು ತಲೆ ತಿರುಗುತ್ತದೆ ಅಂತ ಹೇಳಲು ಆಗುತ್ತದೆಯೇ? ಅದಕ್ಕೇ ಎರಡೂ ಒಟ್ಟಿಗೆ.

ನನಗೆ ಅರ್ಥವಾಗುವಷ್ಟರಲ್ಲಿ ಅತ್ತೆಗೆ ಆಗಿತ್ತು. "ಅದ್ರಾಗೆ ಎಂತ ಅದೆ ತಮಾ? ಬಲೆ ಎಳೆಯೂವಾಗ ಹಗ್ಗ ಸ್ವಲ್ಪ ಬಿಡೂದು, ಸ್ವಲ್ಪ ಎಳೆಯೂದು. ಬರೀ ಎಳೆದ್ರೆ ಹರೀತದೆ."

ಮೂರೂವರೆಗೆ ನೂರ ಅರವತ್ತೆಂಟು. ಡಾಕ್ಟರ್ ಹೂಂ ಅಂದರು. ಸ್ಟ್ರೆಚರ್ ಮೇಲೆ ಮಲಗಿದ ಅತ್ತೆ ನನ್ನ ಕೈ ಹಿಡಿದು ಹತ್ತಿರ ಕರೆದರು. ಏನಾದರೂ ಕೊನೆಯ ಮಾತೋ ಅಂತ ಬಗ್ಗಿ ಕಿವಿಗೊಟ್ಟೆ.

"ತಮಾ, ಹುಟ್ಟಿದಾಗಿಂದ ಉಪವಾಸ ಮಾಡ್ತೇ ಬಂದೆ. ಹಸಿವಾದ್ದು ಇವತ್ತೇ ಮೊದಲು!"

ಬಾಗಿಲು ಮುಚ್ಚಿತು. ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ನನಗೆ ನಗು ಬರಲಿಲ್ಲ. ಹೆದರಿಕೆಯಾಗಿತ್ತು. ನಾಲ್ಕು ದಶಕ ಆ ಕಾಲು ನಡೆದದ್ದರಿಂದ ಅತ್ತೆಯ ಇಬ್ಬರು ಮಕ್ಕಳು ಓದಿದ್ದಾರೆ. ಈಗ ಅದರ ಬೆರಳು ಹೋದರೆ ಚಿಪ್ಪಿನಿಂದಲ್ಲ, ನನ್ನ ಒಂದು ಶಬ್ದದಿಂದ. 'ನೀರೂ ಕುಡಿಯಬಾರದು, ಏನೂ ತಿನ್ನಬಾರದು' ಅನ್ನಲು ನನಗೇನಾಗಿತ್ತು?

ಒಂದು ಗಂಟೆಯ ನಂತರ ಡಾಕ್ಟರ್ ಹೊರಬಂದರು. ಬೆರಳು ಉಳಿದಿತ್ತು.

ಡಿಸ್ಚಾರ್ಜ್ ದಿನ ಇನ್ಸುಲಿನ್ ಎಷ್ಟು, ಯಾವಾಗ, ಪಥ್ಯ ಏನು ಅಂತ ಹೇಳಬೇಕಿತ್ತು. ನಾನು ಪೆನ್ನು ತೆಗೆದು ಸಿದ್ಧನಾದೆ. ಡಾಕ್ಟರ್ ಕೈ ಅಡ್ಡ ಹಿಡಿದರು. "ನೀವು ಹೇಳಬ್ಯಾಡ್ರಿ. ನಾನೇ ಹೇಳ್ತೀನಿ." ಆಮೇಲೆ ಅತ್ತೆಯ ಪಕ್ಕ ಕೂತು, ಸಿಸ್ಟರ್ ಹತ್ತಿರ ಕಲಿತ ನಮ್ಮ ಕಡೆಯ ಕನ್ನಡದಲ್ಲಿ ಒಂದೊಂದಾಗಿ ಹೇಳಿದರು: "ಅಜ್ಜೀ, ಸಾಬುದಾಣಿ ತಿನ್ನೂಕಿಲ್ಲ. ಬೆಲ್ಲದ ಅವಲಕ್ಕಿ ತಿನ್ನೂಕಿಲ್ಲ. ಹಸಿದುಕೊಂಡು ಇನ್ಸುಲಿನ್ ಚುಚ್ಚೂಕಿಲ್ಲ." ಅತ್ತೆ ಎಲ್ಲದಕ್ಕೂ ಹೂಂಗುಟ್ಟಿದರು. ಎಲ್ಲವೂ ಅರ್ಥವಾಯಿತಂತೆ.

ಆಟೋದಲ್ಲಿ ಮನೆಗೆ ಹೊರಟೆವು. ಅಮದಳ್ಳಿ ದಾಟುವಾಗ ಅತ್ತೆ ನನ್ನ ಮೊಣಕಾಲು ತಟ್ಟಿ, ನಿಜವಾದ ಕಾಳಜಿಯಿಂದಲೇ ಕೇಳಿದರು:

"ಅಲ್ಲಾ ತಮಾ, ನೀ ವಾರ ವಾರ ಪೇಪರ್ನಾಗೆ ಬರೀತಿ ಅಲ್ದಾ, ಅದಾದ್ರೂ ಜನಕ್ಕೆ ಅರ್ಥ ಆಗ್ತದಾ?"