ಓದು ಬಾರದ ಕಣ್ಣು

ನನ್ನ ಮೊಮ್ಮಗಳು ತನ್ನ ಹೈಸ್ಕೂಲಿನ ಪತ್ರಿಕೆಗೆ ಸಂಪಾದಕಿಯಾಗಿದ್ದಾಳೆ! ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು; ನನ್ನ ಮೊಮ್ಮಗಳು ಇಂಗ್ಲಿಷ್ ಪತ್ರಿಕೆಯ ಸಂಪಾದಕಿ! ಬೆಳಿಗ್ಗೆಯಿಂದ ಧಾರವಾಡದ ತಂಗಿಗೆ, ಇಲ್ಲಿಂದ ಎರಡು ತಾಸಿನ ದಾರಿಯ ಪೊವೇಯಲ್ಲಿರುವ ಮಗಳಿಗೆ, ಫೋನಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. “ಅವ್ವಾ, ಇದು ಮೂರನೇ ಸಲ ಹೇಳಾಕತ್ತಿ” ಎಂದು ಮಗಳು ನಕ್ಕಳು. ನಾಲ್ಕನೆಯ ಸಲವೂ ಹೇಳುತ್ತೇನೆ.

ಮೊದಲ ಸಂಚಿಕೆಯ ಹಾಳೆಯನ್ನು ಅವಳು ನನ್ನ ಮಡಿಲಿಗೆ ಹಾಕಿದಾಗ ಶಾಯಿಯ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ವಾಸನೆ ನೆನಪಾಯಿತು, ಪೇಂಟಿನದು, ಟರ್ಪೆಂಟೈನಿನದು… ಬೋರ್ಡಿನ ಅಜ್ಜನ ಗ್ಯಾರೇಜಿನದು.

ರೆಡೊಂಡೊ ಬೀಚ್ ಎಂಬ ಈ ಊರಿನಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಅಂಗಡಿಗಳಿಗೆ ಕುಂಚದಿಂದ ಬೋರ್ಡು ಬರೆದುಕೊಡುತ್ತಿದ್ದ ಅಮೆರಿಕದ ಮುದುಕರು. ಅವರಿಗೊಂದು ಹೆಸರಿತ್ತು, ನನ್ನ ಬಾಯಿಗೆ ಬಂದದ್ದು ಮಾತ್ರ ಬೋರ್ಡಿನ ಅಜ್ಜ. ಅದು ಕೊರೊನಾ ಬಂದ ವರ್ಷ. ಮಗ, ಸೊಸೆ, ಮೊಮ್ಮಗಳು ಮೂವರೂ ಒಂದೊಂದು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ. ನಾನು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಸೀರೆಗೆ ಕಸೂತಿ ಹಾಕುತ್ತಿದ್ದೆ. ಒಂದು ದಿನ ಅಜ್ಜ ಮಾಸ್ಕು ಕಟ್ಟಿಕೊಂಡು, ದೂರದಲ್ಲೇ ನಿಂತು, ನನ್ನ ಕೈಯನ್ನು ಬಹಳ ಹೊತ್ತು ನೋಡಿದರು. ಒಂದು ಎಳೆ ತಪ್ಪಿದ್ದಕ್ಕೆ ನಾನು ಒಂದಿಡೀ ಗೋಪುರದ ಚಿತ್ತಾರವನ್ನು ಬಿಚ್ಚಿದ್ದನ್ನೂ ನೋಡಿದರು. ಮರುದಿನ ಮೊಮ್ಮಗಳ ಕೈಲಿ ಹೇಳಿಕಳಿಸಿದರು: ತಾವು ಬರೆದ ಬೋರ್ಡನ್ನು ಅಂಗಡಿಯವರು ಕೊಟ್ಟ ಚೀಟಿಯ ಜೊತೆ ಇಟ್ಟು ನಾನು ಹೋಲಿಸಿ ನೋಡಬೇಕಂತೆ.

“ಐ ಟೋಲ್ಡ್ ಹಿಮ್, ಅಜ್ಜಿಗೆ ಇಂಗ್ಲಿಷ್ ಬರಲ್ಲ ಅಂತ,” ಎಂದಳು ಮೊಮ್ಮಗಳು. “ಹಿ ಸೆಡ್, ಪರ್ಫೆಕ್ಟ್!”

ಕಾರಣ ಆಮೇಲೆ ತಿಳಿಯಿತು. ಇಂಗ್ಲಿಷಿನಲ್ಲಿ ಸಪ್ಪಳ ಒಂದೇ ಇದ್ದು, ಅಕ್ಷರ ಬೇರೆ, ಅರ್ಥ ಬೇರೆ ಆಗುವ ಮಾತುಗಳು ರಾಶಿ ಇವೆಯಂತೆ. ಅಜ್ಜನಿಗೆ ಬಾಯಲ್ಲಿ ಅನ್ನುತ್ತಲೇ ಬರೆಯುವ ರೂಢಿ. ವಯಸ್ಸಾದಂತೆ ಕೈ ಕಿವಿಯ ಮಾತು ಕೇಳತೊಡಗಿತ್ತು. ಆ ದಿನಗಳಲ್ಲಿ ‘ಸ್ವಲ್ಪ ಸಹಿಸಿಕೊಳ್ಳಿ’ ಎಂಬ ಬೋರ್ಡು ಅಂಗಡಿ ಅಂಗಡಿಗೂ ಬೇಕಿತ್ತು. ಅವರ ಭಾಷೆಯಲ್ಲಿ ಅದು ‘ಬೇರ್ ವಿದ್ ಅಸ್’. ಅಜ್ಜ ಇನ್ನೊಂದು ‘ಬೇರ್’ ಬರೆದುಬಿಟ್ಟು, ಒಬ್ಬ ಕ್ಷೌರದಂಗಡಿಯವನು ಗಿರಾಕಿಗಳನ್ನು ‘ನಮ್ಮ ಜೊತೆ ಬತ್ತಲಾಗಿ’ ಎಂದು ಕರೆದ ಹಾಗಾಗಿತ್ತು. ಓದು ಬಲ್ಲವರ ಕಣ್ಣು ಇಂಥ ಕಡೆ ಜಾರಿಹೋಗುತ್ತದೆ. ನನಗಾದರೋ ಆ ಅಕ್ಷರಗಳು ಬರೀ ಗೆರೆ, ಸುತ್ತು, ಮೂಲೆ.

“ಸೇಮ್?” ಎಂದು ಅಜ್ಜ ಕೇಳುತ್ತಿದ್ದರು. “ನಾಟ್ ಸೇಮ್” ಎಂದು ನಾನು ಬೆರಳಿಡುತ್ತಿದ್ದೆ. ಒಂದು ವರ್ಷ ನಮ್ಮಿಬ್ಬರ ಮಾತುಕತೆ ಇಷ್ಟೇ. ಎಷ್ಟು ಬೋರ್ಡು ನೋಡಿದೆನೋ… ಒಂದು ತಪ್ಪೂ ದಾಟಿಹೋಗಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ನನಗೆ ಇಂಗ್ಲಿಷ್ ಓದುವುದನ್ನು ಕಲಿಸಿದಳು. ಹಾಲಿನ ಡಬ್ಬಿ, ಔಷಧದ ಶೀಸೆ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. “ಅವ್ವಾ, ಶಾಂಪೂ ಬಾಟ್ಲಿ ಒಂದು ಉಳದೈತಿ ನೋಡು” ಎಂದು ಮಗ ಕೆಣಕುತ್ತಿದ್ದ.

ಆ ವರ್ಷವೇ ಅಜ್ಜನ ಗಿರಾಕಿಗಳು ಒಬ್ಬೊಬ್ಬರಾಗಿ ಯಂತ್ರದಲ್ಲಿ ಅಚ್ಚಾಗುವ ಬೋರ್ಡುಗಳ ಕಡೆ ಹೋದರು. ಉಳಿದವನು ಕೀಲಿ ಅಂಗಡಿಯವನೊಬ್ಬನೇ. “ಲಾಸ್ಟ್ ಕಸ್ಟಮರ್” ಎಂದು ಅಜ್ಜ ಒಂದು ಬೆರಳೆತ್ತಿ ತೋರಿಸಿದರು. ಇವನೂ ಹೋದರೆ ಕುಂಚ ತೊಳೆದಿಡುವುದೇ ಎಂಬಂತೆ ಕೈಯಾಡಿಸಿದರು.

ಹಸಿರು ಹಲಗೆ, ಹಳದಿ ಅಕ್ಷರ. ಚೀಟಿ ಮೇಜಿನ ಮೇಲಿತ್ತು. ನಾನು ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಹಲಗೆಯ ಮುಂದೆ ನಿಂತು ಒಂದೊಂದೇ ಮಾತನ್ನು ಕೂಡಿಸಿ ಓದಿದೆ: ‘ಪೀಸ್ ಆಫ್ ಮೈಂಡ್!’ ಅಜ್ಜ ನನ್ನ ಮುಖವನ್ನೇ ನೋಡಿದರು. ಆಮೇಲೆ ಕುಂಚ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಚೀಟಿಯ ನೆನಪು ಇಬ್ಬರಿಗೂ ಬರಲಿಲ್ಲ.

ಕೆಲವು ವಾರಗಳ ಮೇಲೆ ಮಗನ ಕಾರಿನಲ್ಲಿ ಆ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಅವನು ಗಾಡಿ ನಿಧಾನ ಮಾಡಿ ನಗತೊಡಗಿದ. “ನೋಡಿಲ್ಲಿ ಅವ್ವಾ! ಮನಸ್ಸಿಗೆ ಶಾಂತಿ ಅಂತ ಬರೀಬೇಕಿತ್ತು. ಶಾಂತಿ ಪೀಸ್ ಬಿಟ್ಟು ತುಂಡು ಪೀಸ್ ಬರದಾರ. ಮನಸ್ಸಿನ ತುಂಡು ಕೊಡೋದಂದ್ರ ಇವರ ಮಾತಿನ್ಯಾಗ ಏನು ಗೊತ್ತೇನು? ಒಳಗ ಬಾ, ನಿನಗ ಚಲೋತ್ನಾಗಿ ಬೈತೀನಿ!” ಇಬ್ಬರು ಹುಡುಗಿಯರು ಬೋರ್ಡಿನ ಫೋಟೊ ತೆಗೆದುಕೊಳ್ಳುತ್ತಿದ್ದರು. ನಾನೂ ನಕ್ಕೆ. ಅದನ್ನು ನೋಡಿ ಬಿಟ್ಟುಕೊಟ್ಟವಳು ನಾನೇ ಎಂದು ಹೇಳಲಿಲ್ಲ.

ಬೇಗನೆ ಅಲ್ಲಿ ಅಚ್ಚಿನ ಬೋರ್ಡು ಬಂತು. ಅಜ್ಜನ ಗ್ಯಾರೇಜಿನ ಬಾಗಿಲು ಹಗಲೂ ಮುಚ್ಚಿರತೊಡಗಿತು. ಒಮ್ಮೆ ಅವರು ಕಸದ ಡಬ್ಬಿಯನ್ನು ರಸ್ತೆಗೆ ಉರುಳಿಸಿಕೊಂಡು ಬಂದರು. ನನ್ನನ್ನು ಕಂಡು, ಡಬ್ಬಿಯ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟು ಓದು ಎಂದರು. ಓದಿದೆ. “ಗುಡ್! ವೆರಿ ಗುಡ್!” ಎಂದು ಒಳಗೆ ಹೋದರು. ಕೀಲಿ ಅಂಗಡಿಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ… ಆಮೇಲೆ ಅವರ ಮಗಳು ಬಂದು ಸ್ಯಾನ್ ಡಿಯಾಗೊಗೆ ಕರೆದುಕೊಂಡು ಹೋದಳು. ಹೋದವರು ವರ್ಷ ತುಂಬುವುದರೊಳಗೆ ತೀರಿಕೊಂಡರೆಂದು ಪಕ್ಕದ ಮನೆಯವರಿಂದ ತಿಳಿಯಿತು. ಅವರ ಗ್ಯಾರೇಜಿನಲ್ಲಿ ಈಗ ಬೇರೆ ಯಾರದೋ ಕಾರು ನಿಲ್ಲುತ್ತದೆ.

ಇವತ್ತು ಸಂಜೆ ಪೊವೇಯಿಂದ ಮಗಳು, ಅಳಿಯ ಬಂದರು. ಸೊಸೆ ಹೋಳಿಗೆ ಮಾಡಿದ್ದಳು. ಊಟಕ್ಕೆ ಕೂತಾಗ ಇದನ್ನೆಲ್ಲ ಮೊದಲ ಸಲ ಹೇಳಿದೆ. ಮಗ ತಲೆ ತಗ್ಗಿಸಿಕೊಂಡು ಕೇಳಿದ. ಅಂದು ನಕ್ಕದ್ದು ನೆನಪಾಗಿರಬೇಕು.

“ಅಜ್ಜಿ, ಡಿಡ್ ಯು ಸೇ ಸಾರಿ?” ಎಂದು ಮೊಮ್ಮಗಳು ಕೇಳಿದಳು.

“ಇಲ್ಲವ್ವ. ಹೇಳಿದ್ರ ಅವರು ಮತ್ತ ನನ್ನ ಓದನ್ನ ಹೊಗಳತಿದ್ರು. ಅದನ್ನ ತಡಕೊಳ್ಳಾಕ ನನಗ ಆಗ್ತಿದ್ದಿಲ್ಲ.”

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಸೊಸೆ ಎಲ್ಲರ ತಟ್ಟೆಗೂ ಇನ್ನೊಂದೊಂದು ಹೋಳಿಗೆ ಹಾಕಿ ತುಪ್ಪ ಬಡಿಸಿದಳು. ಬೇಡ ಎಂದು ಯಾರೂ ಅನ್ನಲಿಲ್ಲ. ಆರೂ ಜನ ಕೂಡಿ ಉಂಡೆವು.