ಮುಚ್ಚಿಟ್ಟ ಟೀ ಲೋಟ

ಚಿನ್ನದ ಗಣಿಯ ಊರಾದ ಊರಿಗಾಂನ ಹಳೆಯ ಸಭಾಭವನದ ಕಸ ಗುಡಿಸುವ ಕದಿರಮ್ಮನ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಬಂಗಾರಪೇಟೆಯ ಡ್ರಾಯಿಂಗ್ ಮೇಷ್ಟ್ರಾದ ನಾನು ಅಲ್ಲಿಗೆ ಹೋದಾಗಲೆಲ್ಲ ಬೈಯುತ್ತಾಳೆ. ಬೈಸಿಕೊಳ್ಳದೆ ಕುಡಿದರೆ ಆಕೆಯ ಟೀ ನನಗೂ ರುಚಿಸುವುದಿಲ್ಲ.

ಈ ಜನವರಿಯಲ್ಲಿ ಆ ಭವನದಲ್ಲಿ ಎಲೀನಾ ಎಂಬ ವಿದೇಶಿ ಹೆಂಗಸಿನ ಚಿತ್ರಗಳನ್ನು ಪ್ರದರ್ಶನಕ್ಕೆ ಇಟ್ಟೆವು. ಅವಳ ದೇಶದಲ್ಲಿ ಸರ್ಕಾರ ಹೇಳಿದ್ದೇ ವೇದ. ಈ ಚಿತ್ರಗಳನ್ನು ಅಲ್ಲಿ ಗೋಡೆಯಿಂದ ಇಳಿಸಿ, ಯಾರಿಗೂ ತೋರಿಸಕೂಡದೆಂದು ಅಪ್ಪಣೆ ಮಾಡಿದ್ದರು. ಅವಳು ಹೇಗೋ ಅವನ್ನು ಹೊರಗೆ ಸಾಗಿಸಿ ಊರೂರು ತಿರುಗುತ್ತಿದ್ದಳು. ನಡುವಿನ ದೊಡ್ಡ ಚಿತ್ರ ಅವಳ ತಂಗಿಯದು, ಬಾಯ್ತುಂಬ ಹಾಡುತ್ತಿರುವುದು. ಹಾಡಿದ್ದಕ್ಕೇ ಆ ಹುಡುಗಿಯನ್ನು ಪೊಲೀಸರು ಎಳೆದೊಯ್ದಿದ್ದರು. ಬದುಕಿದ್ದಾಳೋ ಇಲ್ಲವೋ, ಸುದ್ದಿಯೇ ಇಲ್ಲ.

ಮೊದಲ ದಿನ ಬೆಳಿಗ್ಗೆ ನೋಡಿದರೆ ತಂಗಿಯ ಚಿತ್ರಕ್ಕೆ ಸೇವಂತಿಗೆ ಹಾರ, ಮುಂದೆ ಊದುಬತ್ತಿ. ಗೋಡೆಯ ಮೇಲೆ ಅಷ್ಟು ದೊಡ್ಡ ಪಟವಿದ್ದರೆ ಸತ್ತವರದೇ ಎಂದುಕೊಂಡು ಕದಿರಮ್ಮ ಮರ್ಯಾದೆ ಮಾಡಿದ್ದಳು. ಹಾರ ಯಾಕೆಂದು ಎಲೀನಾ ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

ವಿಷಯ ತಿಳಿದು ಕದಿರಮ್ಮ ಹಣೆ ಚಚ್ಚಿಕೊಂಡಳು. "ಉಸ್ರಾಡೋ ಮಗೀಗೆ ಆರ ಆಕ್ಬಿಟ್ನಲ್ಲ ಸಾಮಿ. ಮೊದ್ಲೇ ಏಳಕ್ಕೇನಾಗಿತ್ತು ಮೇಷ್ಟ್ರೇ, ಬಾಯಾಗೆ ಕಡುಬು ತುರುಕ್ಕೊಂಡಿದ್ರಾ?"

ಹಾರ ತೆಗೆದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಆಮೇಲೆ ಒಂದು ಲೋಟ ಟೀ ತಂದು, ತಟ್ಟೆ ಮುಚ್ಚಿ, ಚಿತ್ರದ ಕೆಳಗಿಟ್ಟು ಎಲೀನಾಳ ಪಕ್ಕ ಕೂತಳು.

"ನಮ್ಮೆಜಮಾನ್ರು ಗಣಿಯಾಗೆ ಇದ್ದಾಗ ಬಂಡೆ ಸಿಡೀತು ಕಣವ್ವ. ಒಳಗೇ ಸಿಕ್ಕಾಕ್ಕೊಂಡ್ರು. ಆಳು ಮೇಲಕ್ಕೆ ಬರೋಗಂಟ ನಮ್ಮ ಗಣಿ ಲೈನ್ ಮನೆಗೋಳಾಗೆ ಯಾರೂ ಅಳಂಗಿಲ್ಲ. ಟೀ ಕಾಸಿ ಮುಚ್ಚಿಡ್ತೀವಿ, ಪಾಳಿ ಮುಗ್ಸಿ ಬರೋರ್ಗೆ ಇಡಂಗೆ. ನಿನ್ ತಂಗೀನೂ ಇನ್ನ ಒಳಗವ್ಳೆ, ಅಷ್ಟೇ."

ನಾನು ಒಂದೊಂದೇ ಮಾತನ್ನು ಇಂಗ್ಲಿಷಿಗೆ ದಾಟಿಸಿದೆ. ಎಲೀನಾ ಕಣ್ಣೊರೆಸಿಕೊಂಡು ಕೇಳಿದಳು: "ಇವರ ಗಂಡ ಮೇಲೆ ಬಂದರೇ?"

ಕದಿರಮ್ಮ ನನ್ನ ಮುಖ ನೋಡಿದಳು. "ಬಂದ್ರು ಅನ್ನಿ ಮೇಷ್ಟ್ರೇ."

ಆಕೆಯ ಮನೆಗೆ ಎಷ್ಟೋ ಸಲ ಹೋಗಿದ್ದೇನೆ. ಬಾಗಿಲಿನ ಎದುರಿಗೇ ಆಕೆಯ ಗಂಡ ಕುಪ್ಪುಸ್ವಾಮಿಯವರ ಪಟವಿದೆ, ಹಾರ ಹಾಕಿ.

"ಬಂದರು," ಎಂದೆ. "ಬಂದು, ಟೀ ಕುಡಿದರು."